ಎಂಜಿನ್ ಆಯಿಲ್ ಬಣ್ಣಗೆಟ್ಟಾಗ ಕಾರಣ ಹುಡುಕುವ ಕ್ರಮ

ಮುಂಗಾರು ಹಿಡಿಯುವ ಮುನ್ನ ಅಡಿಕೆಗೆ ಮೊದಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದು ಕೊಟ್ಟಿಗೆಯ ಮೂಲೆಗೆ ಸೇರಿಸಿದ ಪಂಪಿನ ಎಂಜಿನ್ನನ್ನು 40–45 ದಿನಗಳ ಬಳಿಕ ಎರಡನೆಯ ಔಷಧಿಗೆಂದು ಹೊರತೆಗೆದಾಗ, ಆಯಿಲ್ ಮಟ್ಟ ನೋಡುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನ ತುದಿಯಲ್ಲಿ ಹಾಲು ಬೆರೆಸಿದ ಕಾಫಿಯಂಥ ಆಯಿಲ್ ಕಾಣಿಸುವುದು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ತೋಟಗಳಲ್ಲಿ ಅಪರೂಪವೇನಲ್ಲ. ಅದನ್ನು ಕಂಡೊಡನೆ ಎಂಜಿನ್ ಬಿಚ್ಚಿಸುವುದೂ ತಪ್ಪು, ಏನೂ ಆಗಿಲ್ಲವೆಂದು ಹಗ್ಗ ಎಳೆದು ಚಾಲೂ ಮಾಡುವುದೂ ತಪ್ಪು.

ಇಲ್ಲಿ ಹೇಳುವುದೆಲ್ಲ ಗಾಳಿಯಿಂದ ತಣಿಯುವ ಫೋರ್ ಸ್ಟ್ರೋಕ್ ಪೆಟ್ರೋಲ್ ಎಂಜಿನ್ನಿಗೆ ಅನ್ವಯಿಸುತ್ತದೆ. ಟೂ ಸ್ಟ್ರೋಕ್ ಕಳೆ ಯಂತ್ರದಲ್ಲಿ ಆಯಿಲ್ ಪೆಟ್ರೋಲಿನಲ್ಲೇ ಬೆರೆತಿರುವುದರಿಂದ ನೋಡಲು ಬೇರೆ ಆಯಿಲ್ ಇರುವುದಿಲ್ಲ. ಡೀಸೆಲ್ ಟಿಲ್ಲರಿನ ಆಯಿಲ್ ಬದಲಿಸಿದ ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಸಹಜ.

ಎಂಜಿನ್ನನ್ನು ಸಮತಟ್ಟಾದ ಅಂಗಳದಲ್ಲಿಟ್ಟು, ಓಡಿಸಿದ್ದರೆ ಹತ್ತು ನಿಮಿಷ ಬಿಟ್ಟು, ಡಿಪ್‌ಸ್ಟಿಕ್ ಒರೆಸಿ ಅದ್ದಿ ಮಟ್ಟವನ್ನು ನೋಡಿ, ನಾಲ್ಕು ಹನಿಗಳನ್ನು ಬಿಳಿ ಪಿಂಗಾಣಿ ತಟ್ಟೆಗೆ ಬಿಡಿ. ಬಣ್ಣವೊಂದೇ ಏನನ್ನೂ ತೀರ್ಮಾನಿಸುವುದಿಲ್ಲ. ಅದರೊಂದಿಗೆ ಮಟ್ಟ, ವಾಸನೆ ಮತ್ತು ಬೆರಳಿಗೆ ಸಿಗುವ ಜಿಗುಟನ್ನು ಸೇರಿಸಿ ನೋಡಬೇಕು.

ಬಿಳಿಚಿದ ಆಯಿಲ್ ಎಂದರೆ ನೀರು ಸೇರಿದೆ ಎಂದರ್ಥ. ಕಾರಿನಲ್ಲಾದರೆ ಹೆಡ್ ಗ್ಯಾಸ್ಕೆಟ್ ಹೋಗಿ ರೇಡಿಯೇಟರಿನ ನೀರು ಇಳಿದಿರಬಹುದೆಂಬ ಅನುಮಾನ ನ್ಯಾಯವಾದದ್ದು, ಆದರೆ ನಮ್ಮ ಎಂಜಿನ್ನಿನಲ್ಲಿ ರೇಡಿಯೇಟರೇ ಇಲ್ಲದಿರುವಾಗ ನೀರು ಹೊರಗಿನಿಂದಲೇ ಬಂದಿರಬೇಕು. ನಮ್ಮ ಪಂಪಿನ ಆಯಿಲ್ ಹೀಗಾದಾಗ ಹೆಡ್ ಬಿಚ್ಚಲೇಬೇಕೆಂದು ಒಬ್ಬ ಮೆಕ್ಯಾನಿಕ್ ಹೇಳಿದ್ದರು. ನೋಡಿದರೆ ಆಯಿಲ್ ಮುಚ್ಚಳದ ರಬ್ಬರ್ ಉಂಗುರ ಒಣಗಿ ಸೀಳಿತ್ತು, ಮಾಡಿನಿಂದ ಸೋರಿದ ಹನಿ ನೇರವಾಗಿ ಅದರ ಮೇಲೆಯೇ ಬೀಳುತ್ತಿತ್ತು. ಆದ್ದರಿಂದ ಮೊದಲು ಮುಚ್ಚಳದ ಉಂಗುರವನ್ನೂ, ಎಂಜಿನ್ನಿನ ಒಳಗಾಳಿ ಹೊರಹೋಗುವ ಬ್ರೀದರ್ ಕೊಳವೆಯನ್ನೂ, ಏರ್ ಫಿಲ್ಟರ್ ಒದ್ದೆಯಾಗಿದೆಯೇ ಎಂಬುದನ್ನೂ ನೋಡಿ. ಬೋರ್ಡೋ ಕಲೆ ತೆಗೆಯಲು ಪೈಪಿನ ನೀರನ್ನು ಎಂಜಿನ್ನಿನ ಮೇಲೆ ರಭಸದಿಂದ ಬಿಡುವ ಅಭ್ಯಾಸವೂ ಇದಕ್ಕೆ ಕಾರಣವಾಗುತ್ತದೆ.

ಮುಚ್ಚಳದ ಒಳಮೈಯಲ್ಲಿ ಮಾತ್ರ ತೆಳುವಾದ ಬಿಳಿ ಕೆನೆಯಿದ್ದು ಕೆಳಗಿನ ಆಯಿಲ್ ತಿಳಿಯಾಗಿದ್ದರೆ ಅದು ಥಂಡಿಯ ಪಸೆ. ಮಳೆಗಾಲದಲ್ಲಿ ಐದು ನಿಮಿಷ ಓಡಿಸಿ ನಿಲ್ಲಿಸಿದರೆ ಒಳಗಿನ ತೇವ ಆವಿಯಾಗಿ ಹೋಗುವಷ್ಟು ಆಯಿಲ್ ಕಾಯುವುದಿಲ್ಲ. ಅರ್ಧ ಗಂಟೆ ಹೊರೆ ಹಾಕಿ ಓಡಿಸಿದರೆ ಸಾಮಾನ್ಯವಾಗಿ ಅದು ಹೋಗುತ್ತದೆ. ಸಂದೇಹ ಉಳಿದರೆ, ಪೆಟ್ರೋಲ್ ವಾಸನೆ ಇಲ್ಲವೆಂದು ಖಚಿತಪಡಿಸಿಕೊಂಡು, ಯಂತ್ರದಿಂದ ದೂರದಲ್ಲಿ ಕಬ್ಬಿಣದ ಸೌಟನ್ನು ಕಾಯಿಸಿ, ಬೆಂಕಿಯಿಂದ ಈಚೆಗೆ ತಂದು, ಮುಖವನ್ನು ದೂರವಿಟ್ಟು ಒಂದೇ ಹನಿ ಆಯಿಲ್ ಬಿಡಿ. ಒಗ್ಗರಣೆಯ ಸಾಸಿವೆಯಂತೆ ಚಟಪಟ ಎಂದರೆ ನೀರಿದೆ.

ಇಡೀ ಆಯಿಲ್ ಬೆಳ್ಳಗಾಗಿದ್ದರೆ ಎಂಜಿನ್ನನ್ನು ಓಡಿಸದೆ ಪೂರ್ತಿ ಬಸಿದು, ನೀರಿನ ದಾರಿಯನ್ನು ಮುಚ್ಚಿ, ಹೊಸ ಆಯಿಲ್ ಹಾಕಿ ಐದು ನಿಮಿಷ ಹೊರೆಯಿಲ್ಲದೆ ಓಡಿಸಿ, ಬಿಸಿಯಿರುವಾಗಲೇ ಮತ್ತೆ ಬಸಿಯಬೇಕು. ತಿಳಿಯಾಗುವವರೆಗೆ ಇದನ್ನು ಪುನರಾವರ್ತಿಸಿ. ಸೀಮೆಎಣ್ಣೆ ಹಾಕಿ ತೊಳೆಯುವ ಹಳೆಯ ಪದ್ಧತಿಯನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಒಳಗೆ ಉಳಿದ ಸೀಮೆಎಣ್ಣೆ ಹೊಸ ಆಯಿಲನ್ನೂ ತೆಳುವಾಗಿಸುತ್ತದೆ.

ಆಯಿಲ್ ನೀರಿನಂತೆ ತೆಳುವಾಗಿ, ಮಟ್ಟ ತಾನಾಗಿಯೇ ಏರಿ, ಪೆಟ್ರೋಲ್ ವಾಸನೆ ಬರುತ್ತಿದ್ದರೆ ಅದು ಇನ್ನೂ ಅಪಾಯಕಾರಿ. ಪೆಟ್ರೋಲ್ ಕಾಕ್ ತೆರೆದಿಟ್ಟಾಗ ಕಾರ್ಬ್ಯುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಫ್ಲೋಟ್ ಸೂಜಿ ಕಸ ಸಿಕ್ಕಿ ಸರಿಯಾಗಿ ಕೂರದಿದ್ದರೆ, ಪೆಟ್ರೋಲ್ ಸಿಲಿಂಡರಿಗೆ ಇಳಿದು ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಆಯಿಲಿಗೆ ಸೇರುತ್ತದೆ. ಇಂಥ ಆಯಿಲಿನಲ್ಲಿ ಓಡಿದ ಎಂಜಿನ್ನಿನ ಒಳಭಾಗಗಳು ಬೇಗ ಸವೆಯುತ್ತವೆ, ಬೆಂಕಿಯ ಭಯವೂ ಉಂಟು. ಸೂಜಿಯನ್ನು ಶುಚಿಗೊಳಿಸಿಯೋ ಬದಲಿಸಿಯೋ ಆದ ಮೇಲೆಯೇ ಹೊಸ ಆಯಿಲ್ ಹಾಕಬೇಕು.

ಕಪ್ಪು ಬಣ್ಣ ಹೆಚ್ಚಾಗಿ ಹಳತಾದುದರ ಗುರುತಷ್ಟೇ. ಆದರೆ ಡಾಂಬರಿನಂತೆ ಗಟ್ಟಿಯಾಗಿ ಸುಟ್ಟ ವಾಸನೆ ಬಂದರೆ ತಣಿಸುವ ರೆಕ್ಕೆಗಳ ನಡುವೆ ಹುಲ್ಲು, ಕೆಸರು ತುಂಬಿದೆಯೇ ನೋಡಿ. ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿನುಗಿದರೆ ಒಳಗೆ ಲೋಹ ಸವೆಯುತ್ತಿದೆ. ಹೊಸ ಎಂಜಿನ್ನಿನ ಮೊದಲ ಆಯಿಲಿನಲ್ಲಿ ಸ್ವಲ್ಪ ಕಾಣಬಹುದು, ಹಳೆಯದರಲ್ಲಿ ಕಂಡರೆ ನಿಲ್ಲಿಸಿ ಬಿಚ್ಚಿಸಲೇಬೇಕು.

ಹೋಂಡಾ ಜಿಎಕ್ಸ್ 160 ಮಾದರಿಯ ಎಂಜಿನ್ನಿಗೆ ಆಯಿಲಿನ ಮೊದಲ ಬದಲಾವಣೆ 20 ಗಂಟೆಗೆ, ಬಳಿಕ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ; ಫೋರ್ ಸ್ಟ್ರೋಕ್ ಕಳೆ ಯಂತ್ರದ ಜಿಎಕ್ಸ್ 35ಕ್ಕೆ 10 ಮತ್ತು 50 ಗಂಟೆ. ಈ ಚಿಕ್ಕ ಎಂಜಿನ್ನಿನಲ್ಲಿರುವುದು 100 ಮಿಲಿಲೀಟರ್ ಆಯಿಲ್ ಮಾತ್ರವಾದ್ದರಿಂದ ಒಂದು ಚಮಚ ನೀರೂ ಅದಕ್ಕೆ ಹೆಚ್ಚು. ಬಸಿದ ಆಯಿಲನ್ನು ತೋಟದ ಕಪ್ಪಿಗೋ (ಬಸಿಗಾಲುವೆಗೋ) ಹಳ್ಳಕ್ಕೋ ಚೆಲ್ಲದೆ ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಹೊಸದು ಹಾಕಿ ಒಂದು ಗಂಟೆ ಕೆಲಸ ಮಾಡಿದ ಮೇಲೆ, ಅದೇ ಬಿಳಿ ತಟ್ಟೆಯಲ್ಲಿ ಮತ್ತೊಮ್ಮೆ ನಾಲ್ಕು ಹನಿ ಬಿಟ್ಟು ನೋಡಿ.