ವಿಕಿಗೆ ಹೊಸಬರು ಬಂದರೆ ಮೊದಲು ಯಾವ ಕೆಲಸ ಕೊಡಬೇಕು?

ಹಾಸನದ ಒಂದು ಕಾಲೇಜಿನಲ್ಲಿ ವಿಕಿಪೀಡಿಯ ಕಾರ್ಯಾಗಾರ. ಲ್ಯಾಬ್ ತುಂಬ ಮಕ್ಕಳು. ಬಂದಿದ್ದ ಅತಿಥಿ ಮೈಕ್ ಹಿಡಿದು, “ಎಲ್ಲರೂ ನಿಮ್ಮ ನಿಮ್ಮ ಊರಿನ ಮೇಲೆ ಒಂದೊಂದು ಲೇಖನ ಬರೆಯಿರಿ” ಅಂದುಬಿಟ್ಟರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ “ನಮ್ಮ ಊರು ಸುಂದರವಾದ ಊರು, ಇಲ್ಲಿನ ಜನ ಅನ್ಯೋನ್ಯವಾಗಿದ್ದಾರೆ” ಎಂಬ ಧಾಟಿಯ ಹತ್ತಾರು ಲೇಖನಗಳು ತಯಾರು. ಒಬ್ಬ ಹುಡುಗ ತನ್ನ ದೊಡ್ಡಪ್ಪನ ಜೀವನ ಚರಿತ್ರೆಯನ್ನೇ ಹಾಕಿದ್ದ. ಮಾರನೇ ದಿನಕ್ಕೆ ಹೆಚ್ಚಿನವು ಅಳಿಸಿಹೋಗಿದ್ದವು. ಅಳಿಸಿದವರದ್ದು ತಪ್ಪಲ್ಲ, ಒಂದರಲ್ಲೂ ಆಧಾರ ಇರಲಿಲ್ಲ. ಆದರೆ ಆ ಮಕ್ಕಳಲ್ಲಿ ಒಬ್ಬರೂ ಮತ್ತೆ ವಿಕಿ ಕಡೆ ತಲೆ ಹಾಕಲಿಲ್ಲ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಈಗ ಅದರಲ್ಲಿ 30,000ಕ್ಕೂ ಹೆಚ್ಚು ಲೇಖನಗಳಿವೆ. ತಿದ್ದುವ ಕೆಲಸಕ್ಕೆ ಅಲ್ಲಿ ಬರವಿಲ್ಲ. ಎರಡನೇ ಸಲ ಬರುವವರಿಗೆ ಬರ. ಹಾಗಾಗಿ ಹೊಸಬರನ್ನು ಕೂರಿಸಿಕೊಂಡು ಕಲಿಸುವ ಮೇಷ್ಟ್ರು, ಎನ್‌ಎಸ್‌ಎಸ್‌ನವರು, ಗ್ರಂಥಾಲಯದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಖಾತೆ

ಇದು ಎರಡು ನಿಮಿಷದ ಕೆಲಸ. ಆದರೆ ಒಂದು ಕೊಕ್ಕೆ ಇದೆ. ಒಂದೇ ಇಂಟರ್‌ನೆಟ್ ಸಂಪರ್ಕದಿಂದ ದಿನಕ್ಕೆ 6 ಖಾತೆಗಳನ್ನು ಮಾತ್ರ ತೆರೆಯಬಹುದು. ಏಳನೆಯವರು ತೆರೆಯಲು ಹೋದರೆ ಆಗುವುದಿಲ್ಲ. ಕಾಲೇಜಿನ ವೈಫೈ ನಂಬಿಕೊಂಡು ಕಾರ್ಯಾಗಾರ ಇಟ್ಟವರು ಇಲ್ಲೇ ಬೆವರು ಒರೆಸಿಕೊಳ್ಳುವುದು. ಹಿಂದಿನ ರಾತ್ರಿಯೇ ಮನೆಯಲ್ಲಿ ಮೊಬೈಲ್ ಡೇಟಾದಿಂದ ಖಾತೆ ತೆರೆದುಕೊಂಡು ಬರಲು ಹೇಳಿ. ಹೆಸರಿನ ಜಾಗದಲ್ಲಿ ಫೋನ್ ನಂಬರ್ ಹಾಕುವವರೂ ಇದ್ದಾರೆ, ಬೇಡವೆನ್ನಿ.

ಟೈಪಿಂಗ್‌ಗೆ ಬೇರೆ ಏನೂ ಇಳಿಸಿಕೊಳ್ಳುವುದು ಬೇಡ. ವಿಕಿಯ ಒಳಗೇ ಕನ್ನಡ ಕೀಲಿಮಣೆ ಇದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್ ಮತ್ತು ಎಂ ಒಟ್ಟಿಗೆ ಒತ್ತಿದರೆ ಅದು ಆನ್-ಆಫ್ ಆಗುತ್ತದೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಸಿಟ್ಟ ಕಡತವನ್ನು ತಂದು ಅಂಟಿಸಿದರೆ ಪರದೆ ತುಂಬ ಬರೀ ಗೋಜಲು. ಅದನ್ನು ತಿದ್ದಲು ಕೂತರೆ ಆವತ್ತಿನ ದಿನ ಅಲ್ಲಿಗೆ ಮುಗಿಯಿತು.

ಕೆಲಸ ಹುಡುಕುವುದು

ಹೆಚ್ಚಿನವರು ಎಡವುವುದು ಇಲ್ಲಿ. ಹೊಸಬರನ್ನು “ನಿಮಗೆ ಯಾವ ವಿಷಯ ಗೊತ್ತು?” ಎಂದು ಕೇಳಬೇಡಿ. ನೂರಕ್ಕೆ ತೊಂಬತ್ತು ಜನ “ನಂಗೇನೂ ಗೊತ್ತಿಲ್ಲ ಸರ್” ಅನ್ನುತ್ತಾರೆ. ಸುಮ್ನೆ ಊರು ಕೇಳಿ. ಬಸ್ ಎಲ್ಲಿ ಹತ್ತಿದಿರಿ, ಮನೆಯಲ್ಲಿ ತೋಟ ಇದೆಯಾ, ಜಾತ್ರೆ ಯಾವಾಗ ಎಂದು ಮಾತಾಡಿಸಿ. ಹಾಸನ ಜಿಲ್ಲೆಗೆ 8 ತಾಲ್ಲೂಕು. ಅವರ ತಾಲ್ಲೂಕಿನ ಪುಟ ತೆರೆದು ಮುಂದಿಡಿ. ಆಮೇಲೆ ನೀವು ಬಾಯಿ ಮುಚ್ಚಿಕೊಂಡು ಕೂರಬೇಕು. ಕಷ್ಟ ಇರುವುದೇ ಅದರಲ್ಲಿ.

ಅರಸೀಕೆರೆ ಕಡೆಯ ಒಬ್ಬ ಹುಡುಗಿಗೆ ನಾನು ಹೀಗೇ ಮಾಡಿದೆ. ಎರಡು ನಿಮಿಷ ಓದಿದಳು. “ಸರ್, ಇಲ್ಲಿ ತೆಂಗಿನ ಬಗ್ಗೆ ಒಂದು ಮಾತೂ ಇಲ್ವಲ್ಲಾ!” ಅಂದಳು. ಇನ್ನೆರಡು ಸಾಲು ಇಳಿದು, “ಅಯ್ಯೋ, ಊರಿನ ಹೆಸರೇ ತಪ್ಪು ಬರೆದಿದ್ದಾರೆ” ಅಂದಳು. ತಪ್ಪು ಕಂಡು ಅವರಿಗೆ ಕೈ ತುರಿಸಬೇಕು. ಹಾಗೆ ತುರಿಸಿದ್ದೇ ಅವರ ಮೊದಲ ಕೆಲಸ. ನೀವು ಪಟ್ಟಿ ಮಾಡಿಕೊಂಡು ಬಂದ ಕೆಲಸ ನಿಮ್ಮದೇ ಆಗಿರುತ್ತದೆ, ಅವರದ್ದಲ್ಲ.

ಆದರೆ ಕಂಡ ತಪ್ಪೆಲ್ಲ ಮೊದಲ ದಿನದ ಕೆಲಸವಲ್ಲ. ನಾನು ಮೂರು ವಿಷಯ ನೋಡುತ್ತೇನೆ. ಕಾಲು ಗಂಟೆಯಲ್ಲಿ ಮುಗಿಯುತ್ತದಾ? ಬೇರೆಯವರು ಬಂದು ಅದನ್ನು ತೆಗೆದು ಮೊದಲಿದ್ದಂತೆ ಮಾಡುವ ಸಂಭವ ಕಡಿಮೆಯಾ? ಮಾಡಿದ್ದು ತಕ್ಷಣ ಕಣ್ಣಿಗೆ ಕಾಣುತ್ತದಾ? ಮೂರಕ್ಕೂ ಹೌದು ಎಂದಾದರೆ ಕೊಡಿ. ಆ ಹುಡುಗಿಗೆ ಊರಿನ ಹೆಸರು ಆವತ್ತೇ ಸಿಕ್ಕಿತು. ತೆಂಗಿಗೆ ಆಧಾರ ಹುಡುಕಬೇಕಿತ್ತು, ಅದನ್ನು ಮುಂದಿನ ವಾರಕ್ಕೆ ಇಟ್ಟೆವು.

ಕೆಲವರಿಗೆ ಏನೂ ಕಾಣುವುದಿಲ್ಲ. ಅವರಿಗೆ ಕಾಗುಣಿತ ಕೊಡಿ. ಹುಡುಕುವ ಪೆಟ್ಟಿಗೆಯಲ್ಲಿ ‘ವಿಧ್ಯಾರ್ಥಿ’ ಎಂದೋ ‘ಸಂಧರ್ಭ’ ಎಂದೋ ತಪ್ಪಾಗಿಯೇ ಹೊಡೆದು, ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿ ಹುಡುಕಿಸಿ. ಆ ತಪ್ಪಿರುವ ಪುಟಗಳು ಸಾಲಾಗಿ ಬರುತ್ತವೆ. ಒಂದೊಂದನ್ನೂ ತೆರೆದು ‘ವಿದ್ಯಾರ್ಥಿ’, ‘ಸಂದರ್ಭ’ ಮಾಡಿ ಉಳಿಸುತ್ತಾ ಹೋಗುವುದು. ನಮ್ಮ ಕಡೆ ‘ಹ’ಕಾರ ನುಂಗುತ್ತೇವೆ, ಹಾಸನ ಬಾಯಲ್ಲಿ ಆಸನ ಆಗುತ್ತದೆ. ಅದೇ ಹೆದರಿಕೆಯಲ್ಲಿ ಬರೆಯುವಾಗ ಇಲ್ಲದ ಕಡೆ ‘ಹ’ ಸೇರಿಸುತ್ತೇವೆ. ‘ಆದರೆ’ ಎನ್ನುವುದು ‘ಹಾದರೆ’ ಆಗಿದ್ದನ್ನೂ ಕಂಡಿದ್ದೇನೆ, ನಗಬೇಡಿ. ಒಂದೇ ಎಚ್ಚರಿಕೆ: ವ್ಯಕ್ತಿಗಳ ಹೆಸರು, ಪುಸ್ತಕದ ಹೆಸರು, ಶಾಸನದ ಪಠ್ಯ ಇವುಗಳಲ್ಲಿ ಕೈ ಆಡಿಸಕೂಡದು. ಹಳಗನ್ನಡದ ಸಾಲನ್ನು ಹೊಸಗನ್ನಡಕ್ಕೆ ‘ತಿದ್ದಿದ’ ಪುಣ್ಯಾತ್ಮರಿದ್ದಾರೆ.

ನನಗೆ ಇದಕ್ಕಿಂತ ಇಷ್ಟವಾದದ್ದು ಹಳತಾದ ಸಾಲುಗಳ ಬೇಟೆ. ‘ಕಾಮಗಾರಿ ನಡೆಯುತ್ತಿದೆ’, ‘ಸದ್ಯದಲ್ಲೇ’, ‘ಮುಂದಿನ ವರ್ಷ’ ಎಂಬ ಮಾತುಗಳನ್ನು ಹುಡುಕಿಸಿ. ಬೆಂಗಳೂರಿನಿಂದ ಶ್ರವಣಬೆಳಗೊಳದ ಮೇಲೆ ಹಾಸನಕ್ಕೆ ರೈಲು ಓಡಲು ಶುರುವಾಗಿದ್ದು 2017ರಲ್ಲಿ. ಅದಕ್ಕೆ ಮುಂಚೆ ಬರೆದ ಸಾಲು ಎಲ್ಲಾದರೂ ಉಳಿದಿದ್ದರೆ ಇನ್ನೂ ಹಳಿ ಹಾಕುತ್ತಲೇ ಇರುತ್ತದೆ! ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳದ್ದೂ ಹೀಗೇ. 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದ್ದವು, 2023ರ ಸೆಪ್ಟೆಂಬರಿನಲ್ಲಿ ವಿಶ್ವ ಪರಂಪರೆಯ ತಾಣಗಳಾದವು. ಹಳೆಯ ಸಾಲು ಕಂಡರೆ ಬದಲಾಯಿಸಿ, ಪಕ್ಕದಲ್ಲಿ ಒಂದು ಪತ್ರಿಕೆಯ ವರದಿಯನ್ನು ಉಲ್ಲೇಖವಾಗಿ ಸೇರಿಸಿದರೆ ಆಯಿತು. ಉಲ್ಲೇಖ ಹಾಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಪುಟದಿಂದ ಪುಟಕ್ಕೆ ಕೊಂಡಿ ಹಾಕುವುದೂ ಸುಲಭವೇ. ಆದರೆ ಕೊಂಡಿ ಎಲ್ಲಿಗೆ ಹೋಗುತ್ತದೆ ಎಂದು ಒತ್ತಿ ನೋಡಬೇಕು. ಹೊಸಹಳ್ಳಿ ಎಂಬ ಊರು ಎಷ್ಟಿಲ್ಲ?

ಮೊಬೈಲಿನಲ್ಲಿ ಫೋಟೊ ತೆಗೆಯುವ ಹುಚ್ಚಿರುವವರನ್ನು ಕಾಮನ್ಸ್ ಕಡೆ ತಿರುಗಿಸಿ. ವಿಕಿಯ ಚಿತ್ರಗಳ ಉಗ್ರಾಣ ಅದು. ಬೇಲೂರಿನ ಚೆನ್ನಕೇಶವನ ಚಿತ್ರ ಬೇಡ, ಬೇಕಾದಷ್ಟಿವೆ. ಹುಲಿಕೆರೆಯ ಕಲ್ಯಾಣಿ, ಊರ ಹೊರಗಿನ ವೀರಗಲ್ಲು, ಮಂಜರಾಬಾದ್ ಕೋಟೆಯ ಒಳಗಿನ ಕೊಳ, ಇಂಥವು ಬರಲಿ. ತಾವೇ ತೆಗೆದದ್ದಾಗಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದು, ಗೂಗಲ್‌ನಲ್ಲಿ ಸಿಕ್ಕಿದ್ದು ಖಂಡಿತ ಬೇಡ.

ಹೊಸ ಖಾತೆಯವರು ತಮ್ಮ ಹೆಸರಿನ ಮೇಲೆ ಒತ್ತಿದರೆ ವಿಕಿಪೀಡಿಯವೇ ಸುಲಭ, ಮಧ್ಯಮ, ಕಷ್ಟ ಎಂದು ವಿಂಗಡಿಸಿ ಕೆಲಸ ಸೂಚಿಸುವ ಪುಟವೂ ಇದೆ. ಒಬ್ಬರೇ ಕೂತು ಕಲಿಯುವವರಿಗೆ ಪರವಾಗಿಲ್ಲ. ನೀವು ಪಕ್ಕದಲ್ಲೇ ಇರುವಾಗ ಅದನ್ನು ತೆರೆಯಬೇಡಿ. ಅರಸೀಕೆರೆಯ ಹುಡುಗಿಗೆ ಏನು ಗೊತ್ತು ಎಂದು ಆ ಪುಟಕ್ಕೆ ಗೊತ್ತಿಲ್ಲ.

ಕೊಡಬಾರದ ಕೆಲಸ

ಹೊಸ ಲೇಖನ ಮೊದಲ ವಾರ ಬೇಡವೇ ಬೇಡ. ಬರೆದೇ ತೀರುತ್ತೇನೆ ಎಂದು ಹಟ ಹಿಡಿದರೆ ಅವರವರ ಪ್ರಯೋಗಪುಟದಲ್ಲಿ, ಅಂದರೆ ಅಭ್ಯಾಸಕ್ಕೆಂದೇ ಇರುವ ಸ್ವಂತ ಪುಟದಲ್ಲಿ ಬರೆಯಲಿ. ಸಿನಿಮಾ ನಾಯಕರು, ಜಾತಿ, ಚುನಾವಣೆ, ಬದುಕಿರುವ ರಾಜಕಾರಣಿಗಳು, ಈ ಪುಟಗಳ ಹತ್ತಿರ ಹೊಸಬರನ್ನು ಬಿಡಬೇಡಿ. ‘ಮೊಟ್ಟಮೊದಲ’ ಎಂಬ ಪದ ಇರುವ ಕಡೆಯೂ ಜಗಳ ಕಾದಿರುತ್ತದೆ. ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಸುಮಾರು ಕ್ರಿ.ಶ. 450ರದ್ದು, ಕನ್ನಡದ ಮೊದಲ ಶಾಸನ ಎಂದೇ ಶಾಲೆಯಲ್ಲಿ ಓದಿದ್ದೇವೆ. ತಾಳಗುಂದದ ಶಾಸನ ಇನ್ನೂ ಹಳೆಯದು ಎಂಬ ವಾದ ಈಚೆಗೆ ಎದ್ದಿದೆ. ಬೇಲೂರಿನ ನಿವೃತ್ತ ಮೇಷ್ಟ್ರೊಬ್ಬರು ಮೊದಲ ದಿನವೇ ಅಲ್ಲಿ ಕೈ ಹಾಕಿ, ಮೂರು ಸಲ ಬರೆದು, ಮೂರು ಸಲ ಅಳಿಸಿಸಿಕೊಂಡು, “ನಿಮ್ಮ ವಿಕಿನೂ ಬೇಡ, ಏನೂ ಬೇಡ ಕಣಪ್ಪಾ” ಎಂದು ಎದ್ದುಹೋದರು. ಅವರಿಗೆ ಶಾಸನ ಓದಲು ಬರುತ್ತಿತ್ತು! ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಹಾಸನ ಜಿಲ್ಲೆಗೆಂದೇ ಒಂದು ಸಂಪುಟ ಇದೆ. ಅದನ್ನು ಕೈಗೆ ಕೊಟ್ಟು, ಸುತ್ತಲಿನ ಹಳ್ಳಿಗಳ ಪುಟಕ್ಕೆ ಒಂದೊಂದು ಸಾಲು, ಒಂದೊಂದು ಉಲ್ಲೇಖ ಸೇರಿಸಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ.

ಗೂಗಲ್‌ನವರು 2010ರ ಆಸುಪಾಸಿನಲ್ಲಿ ಅನುವಾದ ಮಾಡಿಸಿ ತುಂಬಿಸಿದ ಉದ್ದುದ್ದ ಲೇಖನಗಳನ್ನೂ ಕೊಡಬೇಡಿ. ತಿದ್ದುವುದು ಬೇಕಾದಷ್ಟಿದೆ, ನಿಜ. ಆದರೆ ಬೆಳಗ್ಗೆ ಕೂತವರು ಸಂಜೆಯವರೆಗೂ ಮೊದಲ ಪ್ಯಾರಾದಲ್ಲೇ ಇರುತ್ತಾರೆ.

ಕೂತು ಮಾಡಿಸುವಾಗ, ಮಾಡಿಸಿದ ಮೇಲೆ

ಮೌಸ್ ಕಿತ್ತುಕೊಳ್ಳಬೇಡಿ. ಅವರು ನಿಧಾನವಾದರೆ ಎದ್ದುಹೋಗಿ ಒಂದು ಕಾಫಿ ಕುಡಿದು ಬನ್ನಿ. ಉಳಿಸುವ ಮುಂಚೆ ‘ಏನು ಬದಲಾಯಿಸಿದೆ’ ಎಂದು ಒಂದು ಸಾಲು ಬರೆಯುವ ಅಭ್ಯಾಸ ಮೊದಲ ದಿನವೇ ಆಗಲಿ.

ಎರಡು ದಿನ ಬಿಟ್ಟು ಆ ಪುಟದ ಇತಿಹಾಸ ತೆರೆದು ನೋಡಿ. ತಿದ್ದಿದ್ದು ಉಳಿದಿದ್ದರೆ ಅಲ್ಲೇ ಪಕ್ಕದಲ್ಲಿ ಧನ್ಯವಾದ ಹೇಳುವ ಗುಂಡಿ ಇರುತ್ತದೆ, ಒತ್ತಿ. ಯಾರಾದರೂ ತೆಗೆದಿದ್ದರೆ, ಅದು ಹೊಸಬರ ಕಣ್ಣಿಗೆ ಬೀಳುವ ಮೊದಲು ನೀವೇ ಅವರಿಗೆ ಫೋನ್ ಮಾಡಿ, ಇಬ್ಬರೂ ಕೂತು ಕಾರಣ ಓದಿ. ಕಾರಣ ಬರೆದಿಲ್ಲವಾದರೆ ಪುಟದ ಚರ್ಚೆಯಲ್ಲಿ ಕೇಳಿಸಿ. ಅಲ್ಲೂ ಯಾರೂ ಮಾತಾಡದಿದ್ದರೆ ಅರಳಿ ಕಟ್ಟೆಗೆ ಕರೆದುಕೊಂಡು ಹೋಗಿ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡುವ ಪುಟದ ಹೆಸರೇ ಅದು. ಪ್ರಶ್ನೆಯನ್ನು ಅವರ ಕೈಯಲ್ಲೇ ಬರೆಸಿ. ಉತ್ತರಕ್ಕೆ ಒಂದೆರಡು ದಿನ ಕಾಯಬೇಕಾಗಬಹುದು, ಅಷ್ಟರಲ್ಲಿ ಇನ್ನೊಂದು ‘ವಿಧ್ಯಾರ್ಥಿ’ ತಿದ್ದುತ್ತಿರಲಿ.