ತರಗತಿ ನಿಯಮಗಳನ್ನು ಮನೆಯವರಿಗೆ ಒಂದೇ ಹಾಳೆಯಲ್ಲಿ ಹೇಳುವುದು ಹೇಗೆ?

ಶಾಲೆ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ದೂರುಗಳೂ ಶುರು. ಮಗು ದಿನಾ ತಡವಾಗಿ ಬರುತ್ತೆ ಅಂತ ಟೀಚರ್ ಗೊಣಗುತ್ತಾರೆ. ಹೋಂವರ್ಕೇ ಕೊಡಲ್ಲ, ಇನ್ನೇನು ಕಲಿಸ್ತಾರೆ ಅಂತ ಮನೆಯವರು ಗೊಣಗುತ್ತಾರೆ. ಇಬ್ಬರೂ ಎದುರುಬದುರು ಕೂತು ಯಾರ ಕೆಲಸ ಯಾವುದು ಅಂತ ಮಾತಾಡಿಕೊಂಡಿರುವುದಿಲ್ಲ, ಅಷ್ಟೇ.

ಶಿಡ್ಲಘಟ್ಟ, ಚಿಂತಾಮಣಿ ಕಡೆಯ ಹಳ್ಳಿ ಶಾಲೆಗಳಲ್ಲಿ ಒಂದರಿಂದ ಐದನೇ ತರಗತಿಗೆ ಪಾಠ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಬೇರೆ ಕಡೆಯವರು ತಮ್ಮ ಊರಿಗೆ ಹೊಂದಿಸಿಕೊಳ್ಳಬಹುದು. ಪೋಷಕರು ಓದಿದರೆ ಇನ್ನೂ ಒಳ್ಳೆಯದು, ಶಾಲೆಯಿಂದ ಏನೇನು ಕೇಳಬಹುದು ಅಂತ ಗೊತ್ತಾಗುತ್ತದೆ. ಜೂನ್ ತಿಂಗಳ ಮೊದಲ ಪೋಷಕರ ಸಭೆಗೆ ಮುಂಚೆ ಒಂದು ಹಾಳೆ ತಯಾರಾಗಬೇಕು. ಒಂದೇ ಮಗ್ಗುಲಿನಲ್ಲಿ ಮುಗಿಯಬೇಕು. ಅದರಲ್ಲಿ ಅರ್ಧ ಮನೆಯವರ ಕೆಲಸ, ಅರ್ಧ ನಿಮ್ಮದು.

ಹಂತ 1: ಬರೆಯುವ ಮುಂಚೆ ಮನೆಗಳ ದಿನಚರಿ ತಿಳಿದುಕೊಳ್ಳಿ

ಹೆಚ್ಚಿನ ಶಾಲೆಗಳ ನಿಯಮಪಟ್ಟಿ ಹೇಗಿರುತ್ತೆ ನೋಡಿ. ‘ಸಮಯಪಾಲನೆ ಕಡ್ಡಾಯ. ಸಮವಸ್ತ್ರ ಕಡ್ಡಾಯ. ಶಿಸ್ತು ಕಡ್ಡಾಯ.’ ಯಾವ ಊರಿನ ಗೋಡೆಗೆ ಅಂಟಿಸಿದರೂ ನಡೆಯುತ್ತೆ. ಅದಕ್ಕೇ ಯಾರೂ ಓದಲ್ಲ.

ಮೊದಲ ವಾರ ಮಕ್ಕಳನ್ನೇ ಕೇಳಿ. ಬೆಳಿಗ್ಗೆ ಮನೆಯಲ್ಲಿ ಯಾರು ಇರ್ತಾರೆ? ಡೈರಿಗೆ ಹಾಲು ಹಾಕೋಕೆ ಯಾರು ಹೋಗ್ತಾರೆ? ತಲೆ ಬಾಚೋದು ಯಾರು? ಸಂಜೆ ಮನೆಗೆ ಹೋದಾಗ ಬಾಗಿಲು ಯಾರು ತೆಗೀತಾರೆ? ಉತ್ತರಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ. ಅಮ್ಮ ಗಾರ್ಮೆಂಟ್ಸ್ ಬಸ್ಸಿಗೆ ಆರಕ್ಕೇ ಹೊರಡುವ ಮನೆಯಲ್ಲಿ ಎರಡು ಜಡೆ ಹಾಕುವುದು ಅಜ್ಜಿಯ ಕೆಲಸ. ಆ ಅಜ್ಜಿಯ ಕೈನೋವಿನ ಮುಂದೆ ನಿಮ್ಮ ‘ಎರಡು ಜಡೆ ಕಡ್ಡಾಯ’ ಎಷ್ಟು ದಿನ ನಿಲ್ಲುತ್ತೆ? ಕೂದಲು ಬಾಚಿರಲಿ, ಸಾಕು ಅಂತ ಬರೆಯಿರಿ.

ಹಂತ 2: ಕಾನೂನು ಆಗಲೇ ಹೇಳಿರುವುದನ್ನು ಪಕ್ಕಕ್ಕೆ ತೆಗೆದಿಡಿ

ಕೆಲವು ವಿಷಯ ನಿಮ್ಮ ಕೈಯಲ್ಲೂ ಇಲ್ಲ, ಪೋಷಕರ ಕೈಯಲ್ಲೂ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಮಗುವಿಗೆ ಹೊಡೆಯುವಂತಿಲ್ಲ, ಮನಸ್ಸಿಗೆ ನೋವಾಗುವಂತೆ ಹಿಂಸಿಸುವಂತಿಲ್ಲ. ‘ನಾಲ್ಕು ಬಾರಿಸಿ ಮೇಡಂ, ನಾವೇನೂ ಕೇಳಲ್ಲ’ ಅನ್ನುವ ಅಪ್ಪಂದಿರು ಪ್ರತಿ ಸಭೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರಿಗೆ ನಗುನಗುತ್ತಲೇ ಹೇಳಿಬಿಡಿ: ‘ನೀವು ಒಪ್ಪಿದ್ರೂ ನಾನು ಹೊಡೆಯೋ ಹಾಗಿಲ್ಲ, ಅಣ್ಣ.’ ತಡವಾಗಿ ಬಂದ ಮಗುವನ್ನು ಬಿಸಿಲಲ್ಲಿ ನಿಲ್ಲಿಸುವುದೂ ಹಿಂಸೆಯೇ. ತಡಕ್ಕೆ ದಂಡ ವಸೂಲಿ ಮಾಡುವ ಯೋಚನೆಯನ್ನೂ ಬಿಟ್ಟುಬಿಡಿ. ಹತ್ತು ರೂಪಾಯಿ ದಂಡಕ್ಕೆ ಹೆದರಿ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ, ಹಾಜರಾತಿಯೂ ಹೋಯಿತು.

ಅದೇ ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುತ್ತದೆ. ಸಮಯಕ್ಕೆ ಸರಿಯಾಗಿ ಬರುವುದು, ಪೋಷಕರ ಸಭೆ ಆಗಾಗ ಕರೆದು ಮಗುವಿನ ಹಾಜರಾತಿ, ಕಲಿಕೆ ತಿಳಿಸುವುದು ಎರಡೂ ಅದರಲ್ಲಿವೆ. ಒಂದರಿಂದ ಐದನೇ ತರಗತಿಗೆ ವರ್ಷಕ್ಕೆ ಕನಿಷ್ಠ 200 ದಿನ, 800 ಗಂಟೆ ಪಾಠ ಆಗಬೇಕು ಅನ್ನುವುದೂ ಇದೇ ಕಾಯ್ದೆಯ ಲೆಕ್ಕ. ಈ 200 ದಿನದ ಲೆಕ್ಕವನ್ನು ಸಭೆಯಲ್ಲಿ ಬಾಯಿಬಿಟ್ಟು ಹೇಳಿ. ವರ್ಷದ 365 ದಿನದಲ್ಲಿ ಮಗು ಶಾಲೆಯಲ್ಲಿ ಇರುವುದೇ ಇಷ್ಟು ಅಂತ ಗೊತ್ತಾದರೆ, ‘ಒಂದಿನ ತಾನೇ’ ಅನ್ನುವ ಮಾತು ಕಡಿಮೆಯಾಗುತ್ತೆ.

ಹಂತ 3: ಗೈರುಹಾಜರಿಯ ನಿಯಮ

ಇದು ಎಲ್ಲಕ್ಕಿಂತ ಕಷ್ಟದ್ದು, ಇದಕ್ಕೆ ಜಾಸ್ತಿ ಹೊತ್ತು ಕೊಡಿ. ನಾನು ಸೂಚಿಸುವ ಒಕ್ಕಣೆ ಹೀಗಿದೆ:

‘ಮಗು ಬರದ ದಿನ ಪ್ರಾರ್ಥನೆಗೆ ಮುಂಚೆ ಒಂದು ಫೋನ್ ಮಾಡಿ, ಇಲ್ಲಾ ಪಕ್ಕದ ಮನೆ ಮಗುವಿನ ಕೈಲಿ ಹೇಳಿ ಕಳಿಸಿ. ರಜೆ ಚೀಟಿ ಬೇಡ. ಹೇಳದೆ ಎರಡು ದಿನ ಬರದಿದ್ದರೆ ನಾನೇ ಮನೆಗೆ ಬರುತ್ತೇನೆ.’

ಕೊನೆಯ ಸಾಲು ಬರೆದ ಮೇಲೆ ನಿಜವಾಗಲೂ ಹೋಗಬೇಕು. ಹೋಗಲು ಆಗದಿದ್ದರೆ ಬರೆಯಬೇಡಿ.

ಈಗ ರೇಷ್ಮೆ ಮನೆಗಳ ವಿಷಯ. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಸುಮಾರು ಒಂದು ವಾರ ಹುಳ ಒಂದೇ ಸಮ ಮೇಯುತ್ತೆ. ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ವಾರದಲ್ಲೇ ಖರ್ಚು. ಆಮೇಲೆ ಹುಳ ಹಣ್ಣಾಗುತ್ತೆ, ಅಂದರೆ ಗೂಡು ಕಟ್ಟಲು ತಯಾರಾಗುತ್ತೆ. ಹಣ್ಣು ಹುಳ ಆರಿಸಿ ಚಂದ್ರಿಕೆಗೆ (ಗೂಡು ಕಟ್ಟಿಸುವ ತಟ್ಟೆಗೆ) ಬಿಡುವುದು ತಡವಾದರೆ ನಷ್ಟ. ಆ ದಿನ ಮನೆಯಲ್ಲಿ ಎಲ್ಲರ ಕೈಯೂ ಬೇಕು, ಮೂರನೇ ಕ್ಲಾಸಿನ ಹುಡುಗಿಯ ಕೈಯೂ. ಕಾನೂನು ಇಲ್ಲಿ ಸ್ಪಷ್ಟ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಪ್ರಕಾರ, ಅಪಾಯವಿಲ್ಲದ ಮನೆಯ ಕಸುಬಿಗೆ ಮಗು ನೆರವಾಗಬಹುದು, ಆದರೆ ಶಾಲೆ ಬಿಟ್ಟ ಮೇಲೆ ಇಲ್ಲವೇ ರಜೆಯಲ್ಲಿ. ಶಾಲೆ ಹೊತ್ತಿನಲ್ಲಿ ಅಲ್ಲ.

ಕಾನೂನು ಓದಿ ಹೇಳಿದರೆ ಸಾಕಾಗಲ್ಲ. ಮನೆಯವರ ಜೊತೆ ಹೀಗೆ ಒಪ್ಪಂದ ಮಾಡಿಕೊಳ್ಳಿ: ಹುಳ ಮೂರನೇ ಜ್ವರಕ್ಕೆ ಹೋದಾಗಲೇ ಟೀಚರ್‌ಗೆ ಒಂದು ಮಾತು ಹೇಳಬೇಕು. ಆ ಬೆಳೆ ಮುಗಿಯುವ ತನಕ ಆ ಮಗುವಿಗೆ ಹೋಂವರ್ಕ್ ಇಲ್ಲ, ಪ್ರಾಜೆಕ್ಟ್ ಇಲ್ಲ. ಬದಲಿಗೆ ಮಗು ಶಾಲೆ ತಪ್ಪಿಸುವಂತಿಲ್ಲ. ಟೊಮೆಟೊ ಕೊಯ್ಲಿನ ಮನೆಗೂ ಇದೇ. ಕೊಟ್ಟು ತೆಗೆದುಕೊಳ್ಳುವ ಮಾತು ನಮ್ಮ ಜನಕ್ಕೆ ಬೇಗ ಅರ್ಥವಾಗುತ್ತೆ, ಅಲ್ವಾ?

ಊರ ಜಾತ್ರೆ, ತಂಬಿಟ್ಟಿನ ದೀಪದ ದಿನ ಮಾತ್ರ ಪಟ್ಟು ಹಿಡಿಯಬೇಡಿ. ಅವತ್ತು ತರಗತಿ ಖಾಲಿ ಹೊಡೆಯುವುದು ನಿಮಗೂ ಗೊತ್ತು. ಮುಖ್ಯ ಶಿಕ್ಷಕರ ಜೊತೆ ಮಾತಾಡಿ ಸ್ಥಳೀಯ ರಜೆಗೆ ಅವಕಾಶ ಇದೆಯೇ ನೋಡಿ. ನೆಂಟರೂರಿನ ಜಾತ್ರೆಗೆ ಅಂತ ನಾಲ್ಕು ದಿನ ಹೋಗುವುದು ಬೇರೆ ವಿಷಯ, ಅದನ್ನು ಕೇಳಲೇಬೇಕು.

ಹಂತ 4: ಹೋಂವರ್ಕ್, ಬ್ಯಾಗು

2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿ ಹೇಳುವುದು: ಎರಡನೇ ತರಗತಿವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದನೇ ತರಗತಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆ. ಐದು ದಿನಕ್ಕೆ ಹಂಚಿದರೆ ದಿನಕ್ಕೆ 24 ನಿಮಿಷ. ಬ್ಯಾಗಿನ ತೂಕಕ್ಕೆ ರಾಜ್ಯ ಸರ್ಕಾರದ 2019ರ ಆದೇಶವಿದೆ: ಒಂದು, ಎರಡನೇ ತರಗತಿಗೆ 1.5ರಿಂದ 2 ಕೆ.ಜಿ., ಮೂರರಿಂದ ಐದಕ್ಕೆ 2ರಿಂದ 3 ಕೆ.ಜಿ. ಬಿಸಿಯೂಟದ ಕೋಣೆಯ ತಕ್ಕಡಿಯಲ್ಲಿ ಸಭೆಯ ದಿನ ಒಂದು ಬ್ಯಾಗು ತೂಗಿ ತೋರಿಸಿ. ಒಳಗಿಂದ ಹೋದ ವರ್ಷದ ನೋಟ್‌ಬುಕ್ಕು, ಒಡೆದ ಸ್ಲೇಟು, ಬುಗುರಿ ಎಲ್ಲ ಈಚೆ ಬರುತ್ತೆ. ಉಪದೇಶ ಬೇಕಾಗಲ್ಲ.

ಹೋಂವರ್ಕ್ ಇಲ್ಲ ಅಂದರೆ ಮನೆಯವರಿಗೆ ಸಮಾಧಾನವಿಲ್ಲ. ಪಕ್ಕದ ಕಾನ್ವೆಂಟಿನಲ್ಲಿ ಪುಟಗಟ್ಟಲೆ ಬರೆಸ್ತಾರೆ ಅಂತಾರೆ. ಅವರಿಗೆ ಬೇರೆ ಕೆಲಸ ಕೊಡಿ. ನಾಲ್ಕು, ಐದನೇ ತರಗತಿ ಮಗುವಿಗೆ ಡೈರಿ ಪುಸ್ತಕ ಕೊಟ್ಟು ವಾರದ ಲೀಟರ್ ಕೂಡಿಸಲು ಹೇಳಲಿ. ಗೂಡು ಮಾರುಕಟ್ಟೆಯಿಂದ ತಂದ ಚೀಟಿಯಲ್ಲಿ ತೂಕ ಎಲ್ಲಿದೆ, ದರ ಎಲ್ಲಿದೆ ಅಂತ ಹುಡುಕಿಸಲಿ. ಗುಣಿಸಿ ನೋಡಲಿ, ಬಂದ ದುಡ್ಡಿಗೆ ಸರಿಹೋಗುತ್ತಾ ಅಂತ. ಇದಕ್ಕೆ ಅಪ್ಪ ಅಮ್ಮ ಓದಿರಲೇಬೇಕು ಅಂತಿಲ್ಲ. ಚಿಕ್ಕ ಮಕ್ಕಳು ಒಂದು ಪುಟ ಗಟ್ಟಿಯಾಗಿ ಓದಲಿ, ಅಜ್ಜಿ ಕೇಳಿಸಿಕೊಳ್ಳಲಿ. ಹಾಳೆಯಲ್ಲಿ ‘ಸಹಿ ಹಾಕಿ’ ಅಂತ ಬರೆಯುವ ಬದಲು ‘ಕೇಳಿಸಿಕೊಂಡೆ ಅಂತ ಮಗುವಿಗೆ ಹೇಳಿ’ ಅಂತ ಬರೆಯಿರಿ. ಹೆಬ್ಬೆಟ್ಟಿನವರಿಗೆ ಮುಜುಗರ ತಪ್ಪುತ್ತೆ.

ನಲಿಕಲಿ ತರಗತಿ (ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ) ಇದ್ದರೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತೆ: ‘ನನ್ನ ಮಗ ಎರಡನೇ ಕ್ಲಾಸು, ಒಂದನೇ ಕ್ಲಾಸಿನವರ ಜೊತೆ ಯಾಕೆ ಕೂರಿಸಿದ್ದೀರಾ?’ ಮಾತಿನಲ್ಲಿ ವಿವರಿಸಿ ಗೆಲ್ಲೋಕಾಗಲ್ಲ. ಗೋಡೆಯ ಪ್ರಗತಿ ನೋಟದ ಮುಂದೆ ಕರೆದುಕೊಂಡು ಹೋಗಿ. ಮಗು ಈಗ ಯಾವ ಮೆಟ್ಟಿಲಿನಲ್ಲಿದೆ, ಮುಂದಿನದು ಯಾವುದು ಅಂತ ಬೆರಳಿಟ್ಟು ತೋರಿಸಿ.

ಹಂತ 5: ಊಟ, ನೀರು, ಕಾಯಿಲೆ

ಊಟದ ಬಗ್ಗೆ ಒಂದೇ ಪ್ರಶ್ನೆ ಮುಖ್ಯ: ಮೊಟ್ಟೆಯೋ, ಬಾಳೆಹಣ್ಣೋ? ಮನೆಯವರಿಂದಲೇ ಕೇಳಿ ಬರೆದುಕೊಳ್ಳಿ, ಮಗುವನ್ನು ಎಲ್ಲರೆದುರು ಕೇಳಬೇಡಿ. ಹಾಲು, ರಾಗಿ ಮಾಲ್ಟ್ ಕುಡಿದರೆ ಹೊಟ್ಟೆ ಕೆಡುವ ಮಕ್ಕಳ ಹೆಸರೂ ಇರಲಿ.

ನೀರಿಗೆ ನಮ್ಮ ಜಿಲ್ಲೆಯಲ್ಲಿ ಪ್ರತ್ಯೇಕ ಸಾಲೇ ಬೇಕು. ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರನ್ನು ಚಿಕ್ಕ ವಯಸ್ಸಿನಿಂದ ಕುಡಿದರೆ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತೆ. ಕಾಯಿಸಿದರೂ ಫ್ಲೋರೈಡ್ ಹೋಗಲ್ಲ. ಬಹಳ ಜನಕ್ಕೆ ಇದು ಗೊತ್ತಿಲ್ಲ. ‘ಬಾಟಲಿಗೆ ಶುದ್ಧ ನೀರಿನ ಘಟಕದ ನೀರನ್ನೇ ತುಂಬಿ’ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ.

ಜ್ವರ ಇದ್ದರೆ ಶಾಲೆಗೆ ಬೇಡ. ಅಮ್ಮ (ಚಿಕನ್‌ಪಾಕ್ಸ್) ಆಗಿದ್ದರೆ ಎಲ್ಲ ಗುಳ್ಳೆಯೂ ಒಣಗಿ ಹೊಪ್ಪಳೆ ಕಟ್ಟುವ ತನಕ ಬೇಡ. ಹೇನಿಗೆ ಮಾತ್ರ ಮನೆಗೆ ಕಳಿಸಬೇಡಿ, ಅಮ್ಮನಿಗೆ ಸುಮ್ನೆ ಕಿವಿಯಲ್ಲಿ ಹೇಳಿ.

ಹಂತ 6: ವಾಟ್ಸಾಪ್ ಗ್ರೂಪು

ಗ್ರೂಪಿನಲ್ಲಿ ರಜೆ, ಸಭೆ, ಲಸಿಕೆಯ ದಿನ ಬಿಟ್ಟು ಬೇರೇನೂ ಬೇಡ. ಯಾವ ಮಗುವಿನ ಅಂಕವನ್ನೂ, ತಪ್ಪನ್ನೂ ಅಲ್ಲಿ ಹಾಕಬೇಡಿ. ಗುಡ್ ಮಾರ್ನಿಂಗ್ ಹೂವುಗಳಿಗೆ ಮೊದಲ ದಿನವೇ ಬೇಲಿ ಹಾಕಿ. ಮಗುವಿನ ವಿಷಯ ಮಾತಾಡಬೇಕಾದರೆ ಸಂಜೆ ಯಾವ ಹೊತ್ತಿಗೆ ಫೋನ್ ಮಾಡಬಹುದು ಅಂತ ಹಾಳೆಯಲ್ಲಿ ಬರೆಯಿರಿ. ಮಗುವಿಗೆ ಯಾರಿಂದಲಾದರೂ ತೊಂದರೆ ಅನ್ನಿಸಿದರೆ ಕರೆ ಮಾಡಬೇಕಾದ ಮಕ್ಕಳ ಸಹಾಯವಾಣಿ 1098 ಅದರ ಕೆಳಗೇ ಇರಲಿ.

ಹಂತ 7: ನಿಮ್ಮ ಅರ್ಧ

ಈಗ ಹಾಳೆಯ ಕೆಳಗಿನ ಅರ್ಧ. ‘ಟೀಚರ್ ಏನು ಮಾಡುತ್ತಾರೆ’ ಅಂತ ತಲೆಬರಹ ಕೊಡಿ. ನಾನು ಸಮಯಕ್ಕೆ ಬರುತ್ತೇನೆ. ಹೊಡೆಯಲ್ಲ, ಅಡ್ಡಹೆಸರಿನಿಂದ ಕರೆಯಲ್ಲ. ನೋಟ್‌ಬುಕ್ಕು ವಾರಕ್ಕೊಮ್ಮೆ ನೋಡುತ್ತೇನೆ. ಮಗು ಬಿದ್ದು ಪೆಟ್ಟಾದರೆ ಅವತ್ತೇ ತಿಳಿಸುತ್ತೇನೆ, ಚಿಕ್ಕ ಪೆಟ್ಟಾದರೂ. ತಿಂಗಳಿಗೊಮ್ಮೆ ಪ್ರತಿ ಮಗುವಿನ ಬಗ್ಗೆ ಒಂದು ಒಳ್ಳೆಯ ಸುದ್ದಿ ಮನೆಗೆ ಮುಟ್ಟಿಸುತ್ತೇನೆ. ಈ ಕೊನೆಯದು ಹೊಸಬರಿಗೆ ವಿಚಿತ್ರ ಅನ್ನಿಸಬಹುದು. ಶಾಲೆಯಿಂದ ಫೋನ್ ಬಂತು ಅಂದರೆ ಏನೋ ಎಡವಟ್ಟು ಅಂತ ಎದೆ ಹೊಡೆದುಕೊಳ್ಳುವ ಮನೆಗಳು ನಮ್ಮಲ್ಲಿ ಜಾಸ್ತಿ. ಒಳ್ಳೆ ಸುದ್ದಿಗೆ ಒಂದು ಸಲ ಫೋನ್ ಮಾಡಿ ನೋಡಿ, ಮುಂದಿನ ಸಲ ದೂರು ಹೇಳಿದಾಗ ಕೇಳುವ ರೀತಿಯೇ ಬೇರೆ.

ಅಚ್ಚಿಗೆ ಕೊಡುವ ಮುಂಚೆ ಹಾಳೆಯನ್ನು ಎಸ್‌ಡಿಎಂಸಿ (ಪೋಷಕರೇ ಇರುವ ಶಾಲಾಭಿವೃದ್ಧಿ ಸಮಿತಿ) ಸದಸ್ಯರಿಗೆ ತೋರಿಸಿ. ಅದರಲ್ಲಿರುವ ತಾಯಂದಿರಿಗೆ ಓದಿ ಹೇಳಿ. ‘ಇದು ಆಗಲ್ಲ ಮೇಡಂ’ ಅಂತ ಅವರು ಅಂದರೆ, ಆಗಲ್ಲ ಅಂತಲೇ ಅರ್ಥ. ತೆಗೆದುಹಾಕಿ.

ಹಂತ 8: ಸಭೆ

ಸಂತೆ ದಿನ ಬೇಡ, ಗೂಡು ಮಾರುವ ಹೊತ್ತೂ ಬೇಡ. ಸಂಜೆ ಹಾಲು ಕರೆಯುವ ಮುಂಚೆ ಮುಗಿಯಬೇಕು. ಶನಿವಾರ ಬೆಳಗಿನ ಶಾಲೆ ಬಿಡುವ ಹೊತ್ತು ಅನೇಕರಿಗೆ ಅನುಕೂಲ.

ಹಾಳೆಯನ್ನು ಹಂಚಿ ಸುಮ್ಮನಾಗಬೇಡಿ, ಗಟ್ಟಿಯಾಗಿ ಓದಿ. ಚಿಂತಾಮಣಿ, ಬಾಗೇಪಲ್ಲಿ ಕಡೆ ಮನೆಮಾತು ತೆಲುಗು. ಶಿಡ್ಲಘಟ್ಟ ಪೇಟೆಯಲ್ಲಿ ಉರ್ದು ಮನೆಗಳೂ ಬೇಕಾದಷ್ಟಿವೆ. ಹಾಳೆ ಕನ್ನಡದಲ್ಲಿರಲಿ, ವಿವರಣೆ ಅವರ ಮಾತಿನಲ್ಲಿರಲಿ. ನಿಮಗೆ ಬಾರದಿದ್ದರೆ ಬರುವ ತಾಯಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ‘ಅರ್ಥ ಆಯ್ತಾ?’ ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಅದರ ಬದಲು, ‘ಅಜ್ಜಿ, ನಾಳೆ ಮೊಮ್ಮಗಳಿಗೆ ಜ್ವರ ಬಂದ್ರೆ ಏನ್ ಮಾಡ್ತೀರಾ?’ ಅಂತ ಕೇಳಿ. ಉತ್ತರದಲ್ಲೇ ಗೊತ್ತಾಗುತ್ತೆ.

ಬಾರದವರ ಮನೆಗೆ ಹಾಳೆಯನ್ನು ಮಗುವಿನ ಕೈಲಿ ಕಳಿಸಿದರೆ ಅದು ರಾಕೆಟ್ ಆಗಿ ಹಾರುತ್ತೆ. ಹೋಗುವ ದಾರಿಯಲ್ಲಿ ನೀವೇ ಕೊಡಿ.

ದಸರಾ ರಜೆ ಮುಗಿದ ಮೇಲೆ ಹಾಳೆಯನ್ನು ಮತ್ತೆ ತೆಗೆದು ನೋಡಿ. ಯಾರೂ ಪಾಲಿಸದ ಸಾಲು ಒಂದೆರಡು ಇದ್ದೇ ಇರುತ್ತೆ. ಅದು ಮನೆಯವರ ತಪ್ಪೋ, ನಿಯಮವೇ ಸರಿಯಿಲ್ಲವೋ ಅಂತ ಎಸ್‌ಡಿಎಂಸಿ ಜೊತೆ ಕೂತು ಯೋಚಿಸಿ, ಬೇಕಾದರೆ ತಿದ್ದಿ. ತಿದ್ದಿದ ಹಾಳೆಗೆ ದಿನಾಂಕ ಹಾಕಿ, ಹಳೆಯದನ್ನು ವಾಪಸ್ ತೆಗೆದುಕೊಳ್ಳಿ. ಎರಡೂ ಮನೆಯಲ್ಲಿದ್ದರೆ ಯಾವುದು ಸರಿ ಅಂತ ಕೇಳಿಕೊಂಡು ಸೋಮವಾರ ಬೆಳಿಗ್ಗೆ ಎಲ್ಲರೂ ಬರುತ್ತಾರೆ.