ಓಸಿಗೆ ಅಳತೆ ಶುರುವಾಗುವುದು ಪಾಯ ತೆಗೆಯುವ ಮೊದಲು: ನನ್ನ ಅನುಭವ

ಬೆಂಗಳೂರಿನಲ್ಲಿ 40×60 ನಿವೇಶನದ ಮೇಲೆ ಕಟ್ಟಿಸಿದ, ಸ್ಟಿಲ್ಟ್ (ಕೆಳಗೆ ಬರೀ ಕಂಬಗಳ ಪಾರ್ಕಿಂಗ್) ಮೇಲೆ ಮೂರು ಅಂತಸ್ತಿನ ಮನೆಯೊಂದಕ್ಕೆ ಇತ್ತೀಚೆಗೆ ಸ್ವಾಧೀನಾನುಭವ ಪತ್ರ, ಅಂದರೆ ಓಸಿ, ಸಿಕ್ಕಿತು. ತಪಾಸಣೆಗೆ ಬಂದವರು ನಾಲ್ಕೂ ಕಡೆ ಟೇಪು ಹಿಡಿದರು. ಅವರ ಅಂಕಿಗೂ ನನ್ನ ಹಾಳೆಯಲ್ಲಿದ್ದ ಅಂಕಿಗೂ ಹೆಚ್ಚೆಂದರೆ ಐದಾರು ಮಿಲಿಮೀಟರ್ ವ್ಯತ್ಯಾಸ. ವಿವರಣೆ ಕೇಳಿ ಒಂದು ಪತ್ರವೂ ಬರಲಿಲ್ಲ. ಹೀಗೆ ಸಲೀಸಾಗಿ ಹೋದ ನನ್ನ ಕಡತ ಇದೊಂದೇ ಅಲ್ಲ. ಪಾಯಕ್ಕೆ ಮೊದಲೇ ಅಳತೆ ಹಿಡಿಯುವ ಈ ಪದ್ಧತಿ ಶುರು ಮಾಡಿದಾಗ ಆಡಿಕೊಂಡ ಸಹೋದ್ಯೋಗಿಗಳೇ ಈಗ ಫೋನ್ ಮಾಡಿ ಕೇಳುತ್ತಿರುವುದರಿಂದ ಒಮ್ಮೆ ಬರೆದಿಟ್ಟುಬಿಡೋಣ ಅನಿಸಿತು.

ನಮ್ಮ ಕಡೆ ರೂಢಿ ಏನೆಂದು ನಿಮಗೆ ಗೊತ್ತೇ ಇದೆ. ಬಣ್ಣ ಬಳಿದು, ಗೃಹಪ್ರವೇಶದ ದಿನ ಗೊತ್ತಾದ ಮೇಲೆ ಮಾಲೀಕರು ಫೋನ್ ಮಾಡುತ್ತಾರೆ, "ಸಾರ್, ಕಂಪ್ಲೀಷನ್ ಸರ್ಟಿಫಿಕೇಟಿಗೆ ಒಂದು ಸಹಿ ಬೇಕಿತ್ತು." ಆ ಹೊತ್ತಿಗೆ ಮೂಲೆಕಲ್ಲುಗಳು ಮಣ್ಣಿನಡಿ ಹೋಗಿರುತ್ತವೆ, ಪಕ್ಕದವರ ಗೋಡೆ ಎದ್ದಿರುತ್ತದೆ, ಪಾರ್ಕಿಂಗ್ ಟೈಲು ಹಾಸಿ ನೆಲಮಟ್ಟವೂ ಬದಲಾಗಿರುತ್ತದೆ. ಆಗ ಅಳೆದರೆ ಸಿಗುವುದು ಗೋಡೆಯಿಂದ ಗೋಡೆಗೆ ಎಷ್ಟು ಅನ್ನುವುದು ಮಾತ್ರ. ಕಟ್ಟಡ ನಿವೇಶನದೊಳಗೆ ಎಲ್ಲಿ ಕೂತಿದೆ ಎಂದು ಹೇಳುವುದಕ್ಕೆ ಆಧಾರವೇ ಇರುವುದಿಲ್ಲ. ಅಂಥ ಕಟ್ಟಡವೊಂದಕ್ಕೆ ನಾನು ಸಹಿ ಹಾಕಲು ಒಪ್ಪಲಿಲ್ಲ. ಮಾಲೀಕರು ಬೇರೆಯವರಿಂದ ಹಾಕಿಸಿಕೊಂಡರು. ಮುಂದೆ ಆ ಮನೆ ಮಾರುವಾಗ ಕೊಳ್ಳುವವರ ಬ್ಯಾಂಕಿನ ಇಂಜಿನಿಯರ್ ಬಂದು ಅಳೆದರು, ಪಕ್ಕದ ಸೆಟ್‌ಬ್ಯಾಕ್ (ಗಡಿಗೂ ಕಟ್ಟಡಕ್ಕೂ ನಡುವೆ ಬಿಡಬೇಕಾದ ಖಾಲಿ ಜಾಗ) ಒಂದು ಗೇಣಿನಷ್ಟು ಕಡಿಮೆ. ವ್ಯಾಪಾರ ಮುರಿದು, ಕೊಟ್ಟಿದ್ದ ಮುಂಗಡ ವಾಪಸಾಯಿತು.

"ಇಷ್ಟೆಲ್ಲ ಯಾಕೆ ಸಾರ್, ಅಕ್ರಮ-ಸಕ್ರಮ ಬಂದೇ ಬರುತ್ತೆ" ಎಂದವರೇ ಹೆಚ್ಚು. ನಕ್ಷೆ ಮೀರಿ ಕಟ್ಟಿದ್ದನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತ್ತು. ಆಮೇಲೆ ಅದೇ ಕೋರ್ಟಿನ 2024ರ ಡಿಸೆಂಬರ್ 17ರ ತೀರ್ಪು ಬಂತು. ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡುವ ಮುಂಚೆ ಕಂಪ್ಲೀಷನ್ ಅಥವಾ ಓಸಿ ಪ್ರಮಾಣಪತ್ರ ನೋಡಬೇಕು, ಬ್ಯಾಂಕುಗಳೂ ಅದನ್ನು ನೋಡಿಯೇ ಸಾಲ ಕೊಡಬೇಕು ಎಂದು ಕೋರ್ಟ್ ಹೇಳಿತು. 1,200 ಚದರ ಅಡಿವರೆಗಿನ ನಿವೇಶನದ ಸಣ್ಣ ಮನೆಗಳಿಗೆ ರಾಜ್ಯ ಸರ್ಕಾರ 2025ರಲ್ಲಿ ಓಸಿಯಿಂದ ವಿನಾಯಿತಿ ತಂದಿತು ನಿಜ. ನಾನು ಹೇಳುತ್ತಿರುವುದು ಅದಕ್ಕಿಂತ ದೊಡ್ಡ ನಿವೇಶನಗಳ ಮಾತು.

ನಾನು ಲೆಕ್ಕ ಹಿಡಿಯುವುದು 2003ರ ಕಟ್ಟಡ ಉಪವಿಧಿಗಳ ಶೇಕಡಾ 5ರ ಮೇಲೆ. ಸೆಟ್‌ಬ್ಯಾಕ್, ಪ್ಲಾಟ್ ಕವರೇಜ್ (ನಿವೇಶನದಲ್ಲಿ ಕಟ್ಟಡ ಆವರಿಸುವ ಪಾಲು), ಎಫ್‌ಎಆರ್ (ಎಲ್ಲ ಅಂತಸ್ತುಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಅನ್ನುವ ಅಂಕಿ), ಎತ್ತರ ಈ ನಾಲ್ಕರಲ್ಲೂ ಅಷ್ಟರೊಳಗಿನ ವ್ಯತ್ಯಾಸವನ್ನು ಪಾಲಿಕೆ ಆಯುಕ್ತರು ಕಾರಣ ದಾಖಲಿಸಿ ಸಕ್ರಮಗೊಳಿಸಬಹುದು. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವ ಹಾಗಿಲ್ಲ. ಎತ್ತರದಲ್ಲಿ ಶೇಕಡಾ 5 ಅಂದರೆ 12 ಮೀಟರಿಗೆ 60 ಸೆಂಟಿಮೀಟರ್, ಅಲ್ಲಿ ಯಾರೂ ಸಿಕ್ಕಿಬೀಳುವುದಿಲ್ಲ. ಒಂದು ಮೀಟರ್ ಸೆಟ್‌ಬ್ಯಾಕಿನಲ್ಲಿ ಅದೇ ಶೇಕಡಾ 5 ಬರೀ 5 ಸೆಂಟಿಮೀಟರ್. ನನ್ನ ಪದ್ಧತಿ ಪೂರ್ತಿ ನಿಂತಿರುವುದು ಈ 5 ಸೆಂಟಿಮೀಟರ್ ಉಳಿಸಿಕೊಳ್ಳುವುದರ ಮೇಲೆ.

ಮೊದಲ ಕೆಲಸ ನಿವೇಶನದ್ದು. ಕ್ರಯಪತ್ರದಲ್ಲಿ 40×60 ಇರುತ್ತದೆ, ಮಂಜೂರಾದ ನಕ್ಷೆಯನ್ನೂ ಅದನ್ನು ನೋಡಿಯೇ ಬರೆದಿರುತ್ತಾರೆ. ನೆಲದ ಮೇಲೆ ಹಾಗಿರುವುದು ಅಪರೂಪ. ಬದಿಗಳು ಸರಿಯಿದ್ದರೂ ಮೂಲೆ ಮಟ್ಟ (90 ಡಿಗ್ರಿ) ಇರುವುದಿಲ್ಲ. 40×60ಕ್ಕೆ ಕರ್ಣ 72 ಅಡಿ 1 ಇಂಚು ಚಿಲ್ಲರೆ ಬರಬೇಕು. ಒಂದು ಕಡೆ 72 ಅಡಿ 5 ಇಂಚು, ಇನ್ನೊಂದು ಕಡೆ 71 ಅಡಿ 9 ಇಂಚು ಬಂದಿದ್ದನ್ನು ನೋಡಿದ್ದೇನೆ. ಎಂಟು ಇಂಚು ತಾನೇ ಎಂದು ಬಿಟ್ಟರೆ ಕೆಟ್ಟಿತು, ಲೆಕ್ಕ ಹಾಕಿದರೆ ಹಿಂದಿನ ಮೂಲೆ ಏಳು ಇಂಚಿನಷ್ಟು ಪಕ್ಕಕ್ಕೆ ವಾಲಿದೆ, ಅಂದರೆ 18 ಸೆಂಟಿಮೀಟರ್. ಮೇಸ್ತ್ರಿ ರಸ್ತೆಗೆ ಸಮವಾಗಿ ದಾರ ಕಟ್ಟಿ 3-4-5 ಅಳತೆಯ ತ್ರಿಕೋನ ಹಾಕಿ ಮೂಲೆಮಟ್ಟ ಹಿಡಿದ ಅಂದರೆ, ಮುಂದೆ ಒಂದು ಮೀಟರ್ ಇದ್ದ ಪಕ್ಕದ ಸೆಟ್‌ಬ್ಯಾಕ್ ಕಟ್ಟಡದ ಹಿಂದಿನ ಮೂಲೆಗೆ ಹೋಗುವಷ್ಟರಲ್ಲಿ 85 ಸೆಂಟಿಮೀಟರಿನ ಹತ್ತಿರ ಬಂದಿರುತ್ತದೆ. ಮೇಸ್ತ್ರಿ ಕೆಲಸದಲ್ಲಿ ಲೋಪವಿಲ್ಲ, ನಕ್ಷೆಯೂ ಸರಿ, ಆದರೂ ಕಟ್ಟಡ ಪಾಯದಲ್ಲೇ ಉಲ್ಲಂಘನೆ. ಅದಕ್ಕೇ ಟೋಟಲ್ ಸ್ಟೇಷನ್ನಿನವರನ್ನು (ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಯಂತ್ರದವರನ್ನು) ಒಂದು ದಿನಕ್ಕೆ ಕರೆಸುತ್ತೇನೆ, ಏಳೆಂಟು ಸಾವಿರ ಆಗುತ್ತದೆ. ನಿವೇಶನ ವಾಲಿದ್ದರೆ ಇದ್ದದ್ದು ಇದ್ದಹಾಗೆ ನಕ್ಷೆ ತಿದ್ದಿಸಿ ಮಂಜೂರು ಮಾಡಿಸಿಕೊಂಡ ಮೇಲೆಯೇ ಗುದ್ದಲಿ. ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ, ಮಾಲೀಕರು ಗೊಣಗುತ್ತಾರೆ, ಒಬ್ಬರು ಇದೇ ಕಾರಣಕ್ಕೆ ಕೆಲಸವನ್ನೇ ಬೇರೆಯವರಿಗೆ ಕೊಟ್ಟರು. ಅದಕ್ಕೂ ನಾನು ತಯಾರಿದ್ದೇನೆ.

ಎರಡನೆಯದು ಕಾಂಪೌಂಡ್. ಇದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಸೆಟ್‌ಬ್ಯಾಕ್ ಲೆಕ್ಕ ನಿವೇಶನದ ಗಡಿಯಿಂದ. ತಪಾಸಣೆಯ ದಿನ ಟೇಪಿನ ತುದಿ ಹಿಡಿಯಲು ಸಿಗುವುದು ಮಾತ್ರ ಕಾಂಪೌಂಡಿನ ಒಳಮುಖ. ಆರಿಂಚಿನ ಬ್ಲಾಕ್ ಗೋಡೆಯನ್ನು ಪೂರ್ತಿ ನಮ್ಮ ಜಾಗದಲ್ಲೇ ಕಟ್ಟಿದ್ದರೆ ಅಲ್ಲೇ 15 ಸೆಂಟಿಮೀಟರ್ ಮಾಯ, ಗಾರೆ ಬೇರೆ. ಸರಿಯಾಗಿಯೇ ಇರುವ ಕಟ್ಟಡಕ್ಕೂ "ಸೆಟ್‌ಬ್ಯಾಕ್ 83 ಸೆಂಟಿಮೀಟರ್" ಎಂದು ಟಿಪ್ಪಣಿ ಬಿದ್ದರೆ ಆಮೇಲೆ ವಾದ ಮಾಡಿ ಅಳಿಸುವುದು ಕಷ್ಟ. ನಾನು ಪಾಯಕ್ಕೆ ಮೊದಲೇ ನಾಲ್ಕು ಮೂಲೆಯಲ್ಲಿ ಕಾಂಕ್ರೀಟಿನೊಳಗೆ ಕಬ್ಬಿಣದ ಸರಳು ನಿಲ್ಲಿಸಿ, ಟೇಪು ಹಿಡಿದು, ದಿನಾಂಕ ಕಾಣುವಂತೆ ಫೋಟೋ ತೆಗೆಯುತ್ತೇನೆ. ಕಾಂಪೌಂಡ್ ಎದ್ದ ಮೇಲೆ ಗಡಿರೇಖೆಯನ್ನು ಗೋಡೆಯ ನೆತ್ತಿಗೆ ವರ್ಗಾಯಿಸಿ ಹಿತ್ತಾಳೆ ಮೊಳೆ ಹೊಡೆಯುತ್ತೇನೆ. ಬಂದವರು ಆ ಮೊಳೆಯಿಂದಲೇ ಟೇಪು ಹಿಡಿಯುತ್ತಾರೆ, ಹಳೆಯ ಫೋಟೋ ಪಕ್ಕದಲ್ಲಿರುತ್ತದೆ. ಇಲ್ಲಿಯವರೆಗೆ ಯಾರೂ ತಕರಾರು ತೆಗೆದಿಲ್ಲ.

ಇನ್ನು ಗಾರೆ ಮತ್ತು ಕ್ಲಾಡಿಂಗ್, ಅಂದರೆ ಗೋಡೆಗೆ ಹಚ್ಚುವ ಕಲ್ಲು. ಹೆಚ್ಚು ದುಡ್ಡು ಹೋಗುವುದು ಇಲ್ಲೇ. ನಕ್ಷೆಯ ಅಳತೆಯನ್ನು ಮೇಸ್ತ್ರಿ ಕಾಲಮ್ಮಿನ ಹೊರಮುಖಕ್ಕೆ ಹಿಡಿಯುತ್ತಾನೆ. ಅದರ ಮೇಲೆ ಎರಡು ಕೋಟ್ ಗಾರೆ, ಹೇಳುವುದಕ್ಕೆ 20 ಮಿಲಿಮೀಟರ್, ಬ್ಲಾಕ್ ಅಂಕುಡೊಂಕಿದ್ದ ಕಡೆ 30 ದಾಟುತ್ತದೆ. ಕೊನೆಗೆ ಮಾಲೀಕರ ಮಗ ಫೋನಿನಲ್ಲಿ ಒಂದು ಎಲಿವೇಷನ್ ನೋಡಿ ಪಕ್ಕದ ಗೋಡೆಗೂ ಕಲ್ಲು ಬೇಕು ಅನ್ನುತ್ತಾನೆ. ಕಲ್ಲು 20, ಅದರ ಹಿಂದಿನ ಗಾರೆ ಇನ್ನೊಂದು 20. ಒಟ್ಟು 60-70 ಮಿಲಿಮೀಟರ್ ಆಯಿತು, ನಮಗಿದ್ದ ಆ 5 ಸೆಂಟಿಮೀಟರ್, ಅಂದರೆ 50 ಮಿಲಿಮೀಟರ್, ಎಲ್ಲಿ ಉಳಿಯಿತು? ಒಂದು ಕಡೆ ನಾನು ಬೇಡ ಎಂದು ಬರೆದುಕೊಟ್ಟರೂ ಕೇಳದೆ ಹಚ್ಚಿಸಿ, ತಪಾಸಣೆಗೆ ಮುಂಚೆ ಕಿತ್ತು ಹಾಕಿಸಿದರು. ಕಲ್ಲು, ಕೂಲಿ, ಮತ್ತೆ ಗಾರೆ ಎಲ್ಲ ಸೇರಿ ಲಕ್ಷದ ಮೇಲೆ ಹೋಯಿತು ಅಂತ ನೆನಪು.

ಈಗ ಕಾಲಂ ಗುರುತು ಹಾಕುವ ದಿನವೇ ಮುಗಿದ ಮುಖದಿಂದ ಒಳಕ್ಕೆ ಎಣಿಸುತ್ತೇನೆ. ಗಾರೆಗೆ ಇಷ್ಟು, ಕಲ್ಲು ಬರಲಿ ಬಿಡಲಿ ಅದಕ್ಕೆ ಇಷ್ಟು, ಸೆಂಟ್ರಿಂಗ್ ಹಲಗೆ ಉಬ್ಬಿ ಹೊಟ್ಟೆ ಬಿಟ್ಟರೆ ಅದಕ್ಕೆ ಇಷ್ಟು ಎಂದು ಕಳೆದು ಕಾಲಮ್ಮನ್ನು ಒಳಗೆ ಕೂರಿಸುತ್ತೇನೆ. ಯಾವ ತಂಡ ಕೆಲಸ ಮಾಡುತ್ತಿದೆ ಎಂಬುದರ ಮೇಲೆ ಈ ಅಂಕಿ ಬದಲಾಗುತ್ತದೆ. ಅದಕ್ಕೆ ನನ್ನದೇ ಒಂದು ಪಟ್ಟಿಯಿದೆ, ವರ್ಷಗಟ್ಟಲೆ ಬರೆದಿಟ್ಟದ್ದು, ಅದನ್ನು ಮಾತ್ರ ಹಂಚುವುದಿಲ್ಲ. ರೂಮು ಒಳಗೆ ಒಂದೆರಡು ಇಂಚು ಚಿಕ್ಕದಾಗುತ್ತದೆ ಎಂದು ಗುತ್ತಿಗೆದಾರರು ಜಗಳ ತೆಗೆಯುತ್ತಾರೆ. ಒಂದೆರಡು ಇಂಚಿಗೆ ಮಂಚ ಹಿಡಿಸದ ರೂಮು ಯಾವುದೂ ಇಲ್ಲ.

ಪ್ಲಿಂತ್ (ಪಾಯದ ಮೇಲಿನ ನೆಲಗಟ್ಟು) ಮಟ್ಟಕ್ಕೆ ಬಂದಾಗ ಪ್ರಾರಂಭಿಕ ಪ್ರಮಾಣಪತ್ರಕ್ಕೆ (ಕಮೆನ್ಸ್‌ಮೆಂಟ್ ಸರ್ಟಿಫಿಕೇಟಿಗೆ) ಅರ್ಜಿ ಹಾಕದೆ ಮುಂದಕ್ಕೆ ಹೋಗಬೇಡಿ. ಬಹಳ ಜನ ಹಾರಿಸಿಬಿಡುತ್ತಾರೆ, ಕೊನೆಯ ಕಡತದಲ್ಲಿ ಮೊದಲು ಕೇಳುವುದು ಅದನ್ನೇ.

ಮೋಲ್ಡ್ (ಸ್ಲ್ಯಾಬ್ ಕಾಂಕ್ರೀಟ್) ಹಾಕುವ ಹಿಂದಿನ ಸಂಜೆ ಸ್ಲ್ಯಾಬ್ ಅಂಚು ನೋಡುವುದು ನನ್ನ ನಿಯಮ. ತೂಗುಗುಂಡು ಬಿಟ್ಟು ಕೆಳಗಿನ ಗುರುತಿಗೆ ತಾಳೆ ನೋಡಿದರೆ ಬಾಲ್ಕನಿ ಬೆಳೆದದ್ದು ಅಲ್ಲೇ ಸಿಕ್ಕುತ್ತದೆ. ಒಮ್ಮೆ ಮೇಸ್ತ್ರಿ, "ಅಮ್ಮಾವ್ರು ಬಟ್ಟೆ ಒಣಗಾಕಕ್ಕೆ ಒಂದಡಿ ಜಾಸ್ತಿ ಬಿಡು ಅಂದ್ರು ಸಾ" ಅಂದ. ಹಲಗೆ ಬಿಚ್ಚಿ ಹಿಂದಕ್ಕೆ ಕಟ್ಟಲು ಎರಡು ಗಂಟೆಯೂ ಹಿಡಿಯಲಿಲ್ಲ. ಕಾಂಕ್ರೀಟ್ ಬಿದ್ದ ಮೇಲಾಗಿದ್ದರೆ ಕಟರ್ ತರಬೇಕಿತ್ತು.

ಮಾಲೀಕರು ಬದಲಾವಣೆ ಕೇಳುವುದನ್ನು ನಿಲ್ಲಿಸಲಾಗದು, ಬರೆದಿಡಬಹುದು. ಮಂಜೂರಾದ ನಕ್ಷೆಯ ಒಂದು ಪ್ರತಿ ಸೈಟಿನಲ್ಲೇ ತೂಗುಹಾಕಿರುತ್ತೇನೆ. ಕೇಳಿದ್ದನ್ನೆಲ್ಲ ಅದರ ಮೇಲೆ ಕೆಂಪು ಶಾಯಿಯಲ್ಲಿ ಗುರುತಿಸಿ, ಎಫ್‌ಎಆರ್ ಎಷ್ಟು ಏರುತ್ತದೆ ಎಂದು ಪಕ್ಕದಲ್ಲೇ ಬರೆದು, ಅವರ ಸಹಿ ತೆಗೆದುಕೊಳ್ಳುತ್ತೇನೆ. 223 ಚದರ ಮೀಟರ್ ನಿವೇಶನಕ್ಕೆ ಎಫ್‌ಎಆರ್ 1.75 ಇದ್ದರೆ ಶೇಕಡಾ 5 ಅಂದರೆ ಸುಮಾರು 19.5 ಚದರ ಮೀಟರ್. ಅಂಕಿ ಕಣ್ಣೆದುರಿಗೆ ಬಂದ ಕೂಡಲೇ ಅರ್ಧ ಬೇಡಿಕೆಗಳು ತಾವಾಗಿಯೇ ಹಿಂದೆ ಹೋಗುತ್ತವೆ. ಅತಿ ಅಪಾಯದ್ದು ತಾರಸಿಯ ಕೋಣೆ. ಮೆಟ್ಟಿಲಿನ ತಲೆಕೋಣೆ, ಲಿಫ್ಟ್ ಕೋಣೆ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೆ ಅಂಟಿಸಿ ಒಂದು ರೂಮು ಎಬ್ಬಿಸಿದರೆ ಬರುತ್ತದೆ. ಅದನ್ನು ತಪಾಸಣೆ ಮುಗಿದ ಮೇಲೆ ಕಟ್ಟಿಕೊಳ್ಳುತ್ತೇವೆ ಅನ್ನುವವರ ಕೆಲಸ ನಾನು ಹಿಡಿಯುವುದಿಲ್ಲ.

ಎತ್ತರ ಸುಲಭ ಎಂದೆ, ಆದರೆ ಆಧಾರಮಟ್ಟ, ಅಂದರೆ ಎತ್ತರ ಎಲ್ಲಿಂದ ಅಳೆಯಬೇಕೋ ಆ ಮಟ್ಟ, ಕಳೆದುಕೊಳ್ಳಬೇಡಿ. ಕಟ್ಟುವ ಎರಡು ವರ್ಷದಲ್ಲಿ ರಸ್ತೆಗೆ ಮತ್ತೊಂದು ಪದರ ಡಾಂಬರು ಬೀಳುತ್ತದೆ. ಪಕ್ಕದ ಮನೆಯವರನ್ನು ಕೇಳಿ ಅವರ ಪ್ಲಿಂತ್ ಮೇಲೆ ಒಂದು ಗುರುತು ಹಾಕಿಟ್ಟುಕೊಳ್ಳುತ್ತೇನೆ, ಮಟ್ಟ ವರ್ಗಾಯಿಸಲು ನೀರಿನ ಟ್ಯೂಬು. ಬಿಸಿಲಿನಲ್ಲಿ ಲೇಸರ್ ಗೆರೆ ಕಾಣುವುದಿಲ್ಲ, ಟ್ಯೂಬಿನೊಳಗೆ ಗುಳ್ಳೆ ಇಲ್ಲದಿದ್ದರೆ ನೀರು ಮೋಸ ಮಾಡುವುದಿಲ್ಲ.

ಬೇರೆ ಬೇರೆ ಸಾಧನಗಳನ್ನೂ ಪರೀಕ್ಷಿಸಿದೆ. ಫೋನಿನ ಲೈಡಾರ್‌ನಿಂದ (ಲೇಸರ್ ಬೆಳಕಿನಿಂದ ದೂರ ಅಳೆಯುವ ಸೆನ್ಸರ್) ಮನೆ ಸುತ್ತ ಸ್ಕ್ಯಾನ್ ಮಾಡಿದರೆ ಒಂದು ಸುತ್ತು ಬರುವಷ್ಟರಲ್ಲಿ ಶುರುವಾದ ಮೂಲೆಗೂ ಮುಗಿದ ಮೂಲೆಗೂ ಒಂದು ಗೇಣು ಅಂತರ. ರೂಮಿನ ಒಳಗೆ ಪರವಾಗಿಲ್ಲ, ಸೆಟ್‌ಬ್ಯಾಕಿಗೆ ಪ್ರಯೋಜನವಿಲ್ಲ. ಲೇಸರ್ ಸ್ಕ್ಯಾನರ್ ತರಿಸೋಣ ಎಂದು ವಿಚಾರಿಸಿದರೆ ನಲವತ್ತು ಸಾವಿರದ ಮೇಲೆ ಹೇಳಿದರು, ಮನೆ ಕೆಲಸಕ್ಕೆ ಅದು ಭಾರ. ಡ್ರೋನಿನಿಂದ ತಾರಸಿ ಚೆನ್ನಾಗಿ ಕಂಡಿತು, ಸಜ್ಜಾದ ಕೆಳಗಿನ ಗೋಡೆ ಕಾಣಲಿಲ್ಲ. ಟೇಪುಗಳನ್ನೂ ಹೋಲಿಸಿ ನೋಡಿದೆ. ಉಕ್ಕಿನ ಟೇಪು 10 ಡಿಗ್ರಿ ಬಿಸಿ ಏರಿದರೆ 30 ಮೀಟರಿಗೆ ಮೂರೂವರೆ ಮಿಲಿಮೀಟರ್ ಹಿಗ್ಗುತ್ತದೆ, ತಲೆ ಕೆಡಿಸಿಕೊಳ್ಳಬೇಕಿಲ್ಲ. ಫೈಬರ್ ಟೇಪಿನಲ್ಲಿ ಎಳೆಯುವ ಕೈ ಬದಲಾದರೆ ಅದಕ್ಕಿಂತ ಬಹಳ ಹೆಚ್ಚು ಬಂತು. ಸೈಟಿಗೆ ಅದನ್ನು ತರುವುದನ್ನೇ ಬಿಡಿಸಿದೆ.

ಕೆಲಸ ಮುಗಿದ ತಿಂಗಳೊಳಗೆ ಉಪವಿಧಿಗಳ ಅನುಸೂಚಿ 8ರ ಕಂಪ್ಲೀಷನ್ ಪ್ರಮಾಣಪತ್ರದ ಜೊತೆ ಓಸಿ ಅರ್ಜಿ ಹೋಗಬೇಕು. ನನ್ನ ಕಡತದಲ್ಲಿ ಅದರ ಹಿಂದೆ ಒಂದೇ ಹಾಳೆ ಇರುತ್ತದೆ: ಎಡಕ್ಕೆ ಮಂಜೂರಾದ ಅಳತೆ, ಬಲಕ್ಕೆ ಇದ್ದ ಅಳತೆ, ವ್ಯತ್ಯಾಸ ಶೇಕಡಾದಲ್ಲಿ, ಪ್ರತಿ ಸಾಲಿಗೂ ಒಂದು ಫೋಟೋ ಸಂಖ್ಯೆ. ಕಡಿಮೆ ಬಂದ ಕಡೆ ಕಡಿಮೆ ಎಂದೇ ಬರೆಯುತ್ತೇನೆ. ಎಲ್ಲ ಸಾಲಲ್ಲೂ ಸೊನ್ನೆ ಇರುವ ಹಾಳೆಯನ್ನು ಯಾರೂ ನಂಬುವುದಿಲ್ಲ. ಫೋಟೋಗಳನ್ನು ಯಾವ ಕ್ರಮದಲ್ಲಿ ಜೋಡಿಸುತ್ತೇನೆ ಅನ್ನುವುದರಲ್ಲೂ ಒಂದು ಉಪಾಯವಿದೆ, ಅದು ನನ್ನಲ್ಲೇ ಇರಲಿ.

ಇದಕ್ಕೆಲ್ಲ ಸೇರಿ ನಾನು ತೆಗೆದುಕೊಳ್ಳುವುದು ನಲವತ್ತರಿಂದ ಐವತ್ತು ಸಾವಿರ, ಟೋಟಲ್ ಸ್ಟೇಷನ್ ಖರ್ಚು ಅದರಲ್ಲೇ. ಕೋಟಿ ರೂಪಾಯಿ ಮನೆಗೆ ಇದು ದುಬಾರಿ ಅನ್ನುವವರು ಇನ್ನೂ ಇದ್ದಾರೆ. ಹಣ ನಾಲ್ಕು ಕಂತಿನಲ್ಲಿ: ಸರಳು ನಿಲ್ಲಿಸಿದಾಗ, ಪ್ಲಿಂತ್‌ಗೆ, ಕೊನೆಯ ಮೋಲ್ಡ್‌ಗೆ, ಕಡತ ಕೊಡುವ ಮುಂಚೆ. ಪ್ಲಿಂತ್ ದಾಟಿದ ಮೇಲೆ ಬಂದವರ ಕೆಲಸ ಎಷ್ಟು ಕೊಟ್ಟರೂ ಒಪ್ಪಿಕೊಳ್ಳುವುದಿಲ್ಲ.